ಗೇಟಿನ ಪಕ್ಕದ ನಳ

ಮೇ 4, ರವಿವಾರ
ಹನೀಫಭಾಯಿಯ ಬೆಕ್ಕು ಇವತ್ತೂ ಹಾಲು ಮುಟ್ಟಲಿಲ್ಲ. ಸಂಜೆ ಒಯ್ಯುತ್ತಾರೆ, ಅದಕ್ಕೂ ಗೊತ್ತಾಗಿರಬೇಕು. ಅದು ಹೋಗುವ ಮೊದಲೇ ಹೊಸ ಅತಿಥಿ... ಶೇರು. ಕಂದು ಬಣ್ಣದ ಲ್ಯಾಬ್. ಕಾಂಟ್ರಾಕ್ಟರ್ ದುಂಡೇಶ ಅವರ ನಾಯಿ. ನಮ್ಮ ಮನೆಯವರು ಕೆಲಸ ಮಾಡುವ ದನದ ದವಾಖಾನೆಯಲ್ಲಿ ಪರಿಚಯ. ಊರಿಗೆ ಹೋಗುವವರ ನಾಯಿ, ಬೆಕ್ಕು ನಾನು ನೋಡಿಕೊಳ್ಳುತ್ತೇನೆಂದು ಇವರೇ ಅಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾರೆ.

ದುಂಡೇಶ ಕಾರ್ ಬಂದ್ ಮಾಡಲೇ ಇಲ್ಲ. "ಅಕ್ಕಾರ, ಮನಿಮಂದಿ ಎಲ್ಲಾ ಟೂರ್ ಹೊಂಟೇವ್ರಿ. ಇಂವಾ ನನಗ ಮಗಾ ಇದ್ದಂಗ. ಛೊಲೊತ್ನಂಗ ನೋಡ್ಕೋರಿ."

ಮಗನಂತೆ. ಮಗನ ಕಿವಿಯ ತುಂಬ ಉಣ್ಣೆ ಹುಳ.

ಮೇ 9, ಶುಕ್ರವಾರ
ಶೇರು ಊಟ ಬಿಟ್ಟಿದ್ದಾನೆ. ಮೈ ಸುಡುತ್ತಿದೆ, ಒಸಡು ಬಿಳಿಚಿಕೊಂಡಿದೆ. ಉಣ್ಣೆ ಕಚ್ಚಿ ಬಂದ ಜ್ವರ ಅಂದರು ಇವರ ದವಾಖಾನೆಯ ಡಾಕ್ಟರ್. ಹಾಲ್‌ನಲ್ಲೇ ಮಲಗಿಸಿ ಸಲೈನ್ ಹಚ್ಚಿದ್ದಾರೆ. ಬಾಟಲಿ ಕಿಟಕಿಯ ಸರಳಿಗೆ ಕಟ್ಟಿದ್ದೇವೆ.

ದುಂಡೇಶ ಅವರಿಗೆ ಫೋನ್ ಮಾಡಿದೆ. "ನಾವು ಅರ್ಧಾಕ ಬಿಟ್ಟ ಬರಾಕ ಆಗಂಗಿಲ್ರಿ. ನೀವ ಏನರ ಮಾಡಿ ಉಳಸ್ರಿ ಅಕ್ಕಾರ." ಹಿಂದೆ ಯಾರೋ ಐಸ್‌ಕ್ರೀಮ್ ಕೇಳುತ್ತಿದ್ದರು.

ಮೇ 13, ಮಂಗಳವಾರ
ಎದ್ದ! ನನ್ನ ಮಗಳು ಸಾಕ್ಷಿಯ ಕೈಯಿಂದ ಅನ್ನ, ಮೊಟ್ಟೆ ತಿಂದ. ಇನ್ನೂ ಬೇಕು ಅಂತ ಅವಳ ಬೆರಳು ನೆಕ್ಕಿದ. ಹುಡುಗಿ ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಅತ್ತಳು. ಈಗ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದಾನೆ. ಕಾಲು ಜೋಮು ಹಿಡಿದಿದೆ. ತೆಗೆಯಲು ಮನಸ್ಸಿಲ್ಲ.

ಮೇ 17, ಶನಿವಾರ
ಬರೆಯಬಾರದು ಅಂದುಕೊಂಡೆ. ಆದರೆ ಬರೆಯದೆ ಎಲ್ಲಿ ಇಡಲಿ ಇದನ್ನು?

ದುಂಡೇಶ ಬಂದರು, ಜೊತೆಗೆ ಅವರ ತಾಯಿ. ಬಾಗಿಲು ತೆರೆದಿತ್ತು. ಆ ಮುದುಕಿ ಹೊಸ್ತಿಲ ಹೊರಗಿನಿಂದಲೇ ಹಣಿಕಿ ಹಾಕಿದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಮುಖ ಬದಲಾಯಿತು. ಮಗನ ಕಡೆ ತಿರುಗಿ, "ಕೇಳಬೇಕಾ ಬ್ಯಾಡಾ ಯಾರ ಮನಿ ಅಂತ? ಇಷ್ಟ ದಿನಾ ಇವ್ರ ಮನ್ಯಾಗ ಉಂಡೈತಿ ಅದು!"

"ಅವ್ವಾ, ಸಣ್ಣಕ ಮಾತಾಡು."

ಸಣ್ಣಕ ಮಾತಾಡು. ತಪ್ಪು ಅನ್ನಲಿಲ್ಲ.

ಗೇಟಿನ ಪಕ್ಕದ ನಳ ತಿರುವಿ, ನಮ್ಮದೇ ನೀರಿನಲ್ಲಿ, ಮಗನ ಕೈಯಿಂದ ಶೇರುವಿನ ಮೈ ತೊಳೆಸಿದರು ಆ ಮುದುಕಿ. ಜ್ವರದಿಂದ ಈಗಷ್ಟೇ ಎದ್ದ ಪ್ರಾಣಿ. ಗಡಗಡ ನಡುಗಿತು. ನಾನು ಟಾವೆಲ್ ಹಿಡಿದು ಹೋದೆ. "ಇರ್ಲಿ ಇರ್ಲಿ, ಕಾರ್‌ನ್ಯಾಗ ಐತಿ" ಅಂದರು ದುಂಡೇಶ, ನನ್ನ ಮುಖ ನೋಡದೆ.

ಸಾಕ್ಷಿ ಎಲ್ಲ ನೋಡಿದಳು.

ಮೇ 18
"ನೀ ಯಾಕ ಸುಮ್ನ ನಿಂತಿ ಮಮ್ಮಿ?" ಅಂದಳು ಸಾಕ್ಷಿ. ಆ ಟಾವೆಲ್ ಮಡಚಿ ಒಳಗಿಟ್ಟೆ.

ಅಕ್ಟೋಬರ್ 18, ಶನಿವಾರ
ಎಷ್ಟು ತಿಂಗಳಾಯಿತು ಇದರಲ್ಲಿ ಬರೆದು. ಇವತ್ತು ಬರೆಯಲೇಬೇಕು.

ದುಂಡೇಶ ಮತ್ತೆ ಬಂದಿದ್ದರು. ಜೊತೆಗೆ ಶೇರು. ಅವನು ನನ್ನನ್ನು ಕಂಡು ಹಗ್ಗ ಜಗ್ಗಿ ಕುಂಯ್‌ಗುಟ್ಟಿದ. ದೀಪಾವಳಿಗೆ ಹೆಂಡತಿಯ ತವರಿಗೆ ಹೊರಟಿದ್ದಾರೆ. ನಾಯಿ ಇಟ್ಟುಕೊಳ್ಳುವವರು ಊರಲ್ಲಿ ಬೇರೆ ಯಾರೂ ಇಲ್ಲ.

"ಅವ್ವ ಹಳೇ ಮಂದಿ, ಮನಸಿಗಿ ಹಚ್ಕೋಬ್ಯಾಡ್ರಿ. ನಾ ಅಂಥಾದ್ದೆಲ್ಲ ನಂಬಂಗಿಲ್ಲ ಅಕ್ಕಾರ."

"ಹಂಗಾರ ಒಳಗ ಬರ್ರಿ. ಚಾ ಕುಡೀರಿ. ಆಮ್ಯಾಲ ಶೇರುನ್ನ ಬಿಟ್ಟ ಹೋಗ್ರಿ."

ನನ್ನ ಬಾಯಿಂದಲೇ ಬಂತಾ ಅದು!

"ಶುಗರ್ ಐತ್ರಿ ನನಗ."

"ಸಕ್ರಿ ಹಾಕಂಗಿಲ್ಲ."

"ಇವತ್ತ ಒಪ್ಪತ್ತು..."

"ಚಾಕ್ಕ ಎಲ್ಲೀ ಒಪ್ಪತ್ರಿ?"

ಸಾಕ್ಷಿ ತಾನೇ ಚಹಾ ಮಾಡಿ ಹೊರಗೇ ತಂದಳು. ಅವರು ಕಪ್ಪು ತೆಗೆದುಕೊಂಡರು. ತುಟಿಯವರೆಗೂ ಒಯ್ದರು. ರಸ್ತೆಯಲ್ಲಿ ಕಾರು, ಕಾರಿನಲ್ಲಿ ತಾಯಿ. ಒಮ್ಮೆ ಆ ಕಡೆ ನೋಡಿ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು. "ಬ್ಯಾರೆ ವ್ಯವಸ್ಥಾ ಮಾಡ್ತೇನಿ ಬಿಡ್ರಿ."

ಶೇರು ಕಾಲು ಊರಿ ನಿಂತ. ಎಳೆದುಕೊಂಡೇ ಹೋದರು.

ಸಾಕ್ಷಿ ನನ್ನ ಕೈ ಹಿಡಿದಳು. ಗೆದ್ದೆ ಅನ್ನಿಸಬೇಕಿತ್ತು. ಆ ನಾಯಿಯ ಮುಖ ಮಾತ್ರ...

ಅಕ್ಟೋಬರ್ 22, ಪಾಡ್ಯ
ಗೊಳಸಂಗಿಯಲ್ಲಿ ಒಂದು ಆಕಳು ಈಯಲಾಗದೆ ತ್ರಾಸು ಪಡುತ್ತಿದೆ ಅಂತ ಇವರು ಬೆಳಿಗ್ಗೆಯೇ ಹೋಗಿದ್ದರು. ಬಂದವರು ಚಪ್ಪಲಿ ಸಹ ಬಿಡಲಿಲ್ಲ.

"ಅಲ್ಲೇ ದುಂಡೇಶನ ಹೊಲದ ಶೆಡ್ಡಿನ್ಯಾಗ ಶೇರುನ್ನ ಕಟ್ಟಿ ಹೋಗ್ಯಾರ. ಯಾರೂ ಇಲ್ಲ. ಬಗುಣ್ಯಾಗ ಹನಿ ನೀರಿಲ್ಲ. ಪಟಾಕಿ ಸಪ್ಪಳಕ್ಕ ಜಗ್ಗಿ ಜಗ್ಗಿ ಕುತ್ತಿಗಿ ಕಿತ್ತೈತಿ. ನೀರ ಕುಡಿಸಿ ಬಂದೇನಿ."

ದುಂಡೇಶ ಫೋನ್ ಎತ್ತುತ್ತಿಲ್ಲ.

"ಕರ್ಕೊಂಡ ಬರೂಣು ಪಪ್ಪಾ" ಅಂದಳು ಸಾಕ್ಷಿ.

"ಕಳವು ಅಂತಾರ. ಅದೂ ನಮ್ಮಂಥವ್ರು..." ಅಂದರು ಇವರು.

ಒಂದು ಕಪ್ಪು ಚಹಾದ ಹಟಕ್ಕೆ ಈ ನಾಯಿ ಅಲ್ಲಿ ಬಿತ್ತೇ? ಇಲ್ಲ. ಕಟ್ಟಿದವರು ಅವರು. ನೂರು ಸಲ ಹೇಳಿಕೊಂಡೆ. ಆದರೂ ಒಣಗಿದ ಬಗುಣಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇವರು ಬೈಕ್ ಹೊರಗೆ ತೆಗೆದಿದ್ದಾರೆ. ಮೊಟ್ಟೆ ಬೇಯುತ್ತಿದೆ. ಠಾಣೆಗೆ ಕರೆದರೆ ಹೋಗುತ್ತೇನೆ. ಕೇಳಿದರೆ ಹೇಳುತ್ತೇನೆ, ನಾಯಿ ಹಸಿದಿತ್ತು, ಅದಕ್ಕೆ ನಾವು ಮನೆಗೆ ಕರೆದುಕೊಂಡು ಬಂದೆವು.