ಲ್ಯಾಬಿಗೆ ಕೊಟ್ಟ ರೆಪ್ಪೆಗೂದಲು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಕುಳ್ಳಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, 'ಅಪ್ಪಾ, ಕಿಡ್ನಿ ರಿಪೋರ್ಟ್ ಬಂದು ಯಾವ ಕಾಲ ಆಯ್ತು, ಇನ್ನೂ ಯಾಕೆ ಆ ಲ್ಯಾಬಿಗೆ ಅಲೀತೀಯ' ಅಂತ. ನಾನು ಸಿಗ್ನಲ್ ಇಲ್ಲ ಅಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ವಿತ್ ರೆಫರೆನ್ಸ್ ಟು ದಿ ಅಬೋವ್, ಐ ಬೆಗ್ ಟು ಸ್ಟೇಟ್ ದಟ್... ಮುಂದಿನದನ್ನು ಕನ್ನಡದಲ್ಲೇ ಬರೆಯುತ್ತೇನೆ. ಕಾಲೇಜಿನ ಆಫೀಸಿನಲ್ಲಿ ಕಲಿತ ಇಂಗ್ಲಿಷು ಇಂಥ ವಿಷಯ ಬಂದಾಗಲೇ ಕೈಕೊಡುತ್ತದೆ.

ಕಾಲು ಊದಿಕೊಂಡಾಗ ಕಿಡ್ನಿಯಿಂದ ಒಂದು ಚೂರು ತೆಗೆದರಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣಲಿಲ್ಲ. ಆಲ್ ನಾರ್ಮಲ್ ಅಂತೆ. ಆ ನಾರ್ಮಲ್ ಕಾಲು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ! ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಲ್ಯಾಬಿಗೆ ಕಳಿಸಿದರು. ಅಲ್ಲಿ ಚೂರುಗಳನ್ನು ಕತ್ತರಿಸುವವರು ಒಬ್ಬ ಮೇಡಂ. ರಿಟೈರ್ ಆಗುವುದಕ್ಕೆ ಹತ್ತಿರ ಇದ್ದಾರೆ. ಗಂಡ ತೀರಿಹೋಗಿದ್ದಾರೆ. ಸುಮ್ಮನೆ ಮಾಹಿತಿಗೆ ಬರೆದೆ.

ಅಂಟಿನಂಥದ್ದರಲ್ಲಿ ಹುದುಗಿಸಿ ಗಟ್ಟಿಮಾಡಿದ ಚೂರನ್ನು ಅವರು ವಜ್ರದ ಅಲಗಿನಲ್ಲಿ ಹೆರೆಯುತ್ತಾರೆ. ಹೆರೆದ ಪದರ ನೀರಿನ ಮೇಲೆ ಬೆಳ್ಳಿಯ ಹಾಗೆ ತೇಲುತ್ತದೆ. ಬೆರಳು ತಾಗಿದರೆ ಕಥೆ ಮುಗಿಯಿತು. ಅದನ್ನು ಸರಿಸುವುದು ಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ರೆಪ್ಪೆಗೂದಲಿನಿಂದ. ರಿಪೋರ್ಟ್ ಯಾವಾಗ ಅಂತ ಕೇಳಲು ಹೋದರೆ, ನನ್ನ ಮುಖವನ್ನೇ ದಿಟ್ಟಿಸಿ, 'ತಪ್ಪು ತಿಳ್ಕೋಬೇಡಿ, ಕಡ್ಡಿಗೆ ಅಂಟಿಸಿದ ನನ್ನ ರೆಪ್ಪೆಗೂದಲು ಮೆತ್ತಗಾಗಿದೆ, ನಿಮ್ದೊಂದು ಕೊಡ್ತೀರಾ? ನಿಮ್ಮ ಚೂರನ್ನೇ ಸರಿಸ್ಬೇಕು' ಅಂದರು. ಕಿತ್ತುಕೊಟ್ಟೆ. ಕಣ್ಣಲ್ಲಿ ನೀರು ಬಂತು. 'ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರಾ' ಅಂತ ನಕ್ಕರು. ನಿನ್ನಮ್ಮ 'ಗಂಡಸಿಗೆ ಯಾಕೆ ಇಷ್ಟುದ್ದ ರೆಪ್ಪೆ, ವೇಸ್ಟು' ಅನ್ನುತ್ತಿದ್ದಳು. ವೇಸ್ಟ್ ಆಗಲಿಲ್ಲ.

ಆಮೇಲೆ ಚಿತ್ರ ತೋರಿಸಿದರು. ಕಿಡ್ನಿಯಲ್ಲಿ ಸೋಸುವ ಜೀವಕೋಶಗಳಿಗೆ ಪುಟ್ಟ ಪುಟ್ಟ ಪಾದಗಳಿರುತ್ತವಂತೆ. ನನ್ನವು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮಾತ್ರೆಗೆ ಬಗ್ಗುವ ಕಾಯಿಲೆ ಅಂದರು ಡಾಕ್ಟರು. ಬಗ್ಗಿದೆ, ಊತ ಇಳಿದಿದೆ. ಆದ್ದರಿಂದ ಮೆಡಿಕಲ್ ಗ್ರೌಂಡ್ಸ್ ಮೇಲೆ ನಾನು ಲ್ಯಾಬಿಗೆ ಹೋಗುತ್ತಿಲ್ಲ.

ಮಧ್ಯಾಹ್ನದ ಹೊತ್ತು ಆ ಮೇಡಂ ಜೊತೆ ಊಟಕ್ಕೆ ಹೋಗುತ್ತೇನೆ. ನಿನ್ನಮ್ಮ ಹೋದ ಮೇಲೆ ಊಟಕ್ಕೆ ಕೂತಾಗ ಟಿವಿ ಹಾಕಿಕೊಳ್ಳುತ್ತಿದ್ದೆ, ಮನೆಯಲ್ಲಿ ಇನ್ನೊಂದು ದನಿ ಇರಲಿ ಅಂತ. ಕುಳ್ಳಿ, ಅವರನ್ನು ಮದುವೆಯಾಗಬೇಕು ಅಂತಿದ್ದೇನೆ. ನೋಡು, ಬರೆದುಬಿಟ್ಟೆ. ನಿನ್ನಮ್ಮನ ಜಾಗಕ್ಕೆ ಯಾರೂ ಬರುತ್ತಿಲ್ಲ, ಇನ್ನೊಂದು ಕುರ್ಚಿ ಹಾಕುತ್ತಿದ್ದೇವೆ ಅಷ್ಟೇ. ನೀನು ಬೇಡ ಅಂದರೆ ಬೇಡ ಅಂತ ಬರೆಯಲು ಕೂತಿದ್ದೆ. ಕೈ ಬರಲಿಲ್ಲ. ಬೇಡ ಅನ್ನಬೇಡ.

ಇಂತಿ, ಈ ಒಂದು ಸಲ ಮಾತ್ರ ಯುವರ್ಸ್ ಒಬೀಡಿಯೆಂಟ್ಲಿ,
ನಿನ್ನ ಅಪ್ಪ

ತಾ.ಕ.: ಮದುವೆಯ ಮಾತು ಎತ್ತಿದ್ದು ನಾನಲ್ಲ, ಅವರೇ. 'ಮಗಳನ್ನ ಕೇಳ್ಬೇಕು' ಅಂದೆ. 'ಕೇಳಿ, ನನ್ನ ಮಗನಿಗೆ ನಾನು ಹೇಳಿ ಆಯ್ತು' ಅಂದರು. ಅವನು ನಿನ್ನ ನಂಬರ್ ಈಸಿಕೊಂಡಿದ್ದಾನೆ. ನಿನ್ನನ್ನು ಅಕ್ಕಾ ಅನ್ನಬೇಕೋ ಮೇಡಂ ಅನ್ನಬೇಕೋ ಅಂತ ಕೇಳುತ್ತಿದ್ದ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಮ್ಮ.