ಸರದಿಯ ಕಿಟಕಿ

ಪುಟ್ಟೀ, ಕ್ಷೇಮವಾಗಿ ತಲುಪಿದೆ. ಇವತ್ತು ಬೆಳಿಗ್ಗೆ ನಿನ್ನಕ್ಕ ಬೇರೆ ಹುಡುಗಿಯರ ಜೊತೆ ಬಾಡಿಗೆಗಿರುವ ಮನೆ ನೋಡಿ ಬಂದೆ. ನೀನು ಫೋನಿನಲ್ಲಿ ಅವಳ ವಿಡಿಯೊ ಮತ್ತೆ ಮತ್ತೆ ನೋಡಿ, ನಾನೂ ಅಲ್ಲಿಗೇ ಓದಲು ಹೋಗುತ್ತೇನೆಂದು ಹಟ ಹಿಡಿದಿದ್ದೀಯಲ್ಲ, ಆ ಕಿಟಕಿ ನಿಜವಾಗಿಯೂ ಇದೆ. ಬಿಳಿ ಪರದೆಯ ಮೂಲಕ ಬೆಳಕು ಹಾಲು ಸೋಸಿದ ಹಾಗೆ ಇಳಿಯುತ್ತದೆ. ಅಲ್ಲಿ ಕೂತರೆ ಕಣ್ಣು ತೆರೆದಿದ್ದರೂ ಕನಸು ಬೀಳುತ್ತದೆ. ಆದರೆ ಆ ಮೂಲೆಯಲ್ಲಿ ಯಾರೂ ಮಲಗುವುದಿಲ್ಲ, ಉಣ್ಣುವುದಿಲ್ಲ. ಮನೆಯ ಹುಡುಗಿಯರೆಲ್ಲ ಸರದಿಯ ಪ್ರಕಾರ ತಲೆ ಬಾಚಿಕೊಂಡು ಬಂದು, ಅದೇ ಹೂಕುಂಡದ ಪಕ್ಕ ಕೂತು ವಿಡಿಯೊ ತೆಗೆದು, ಎದ್ದು ಹೋಗುತ್ತಾರೆ. ನಿನ್ನಕ್ಕ ಮಲಗುವುದು ಅಡುಗೆಮನೆಯ ಬಾಗಿಲ ಹಿಂದೆ, ಒಣಹಾಕಿದ ಬಟ್ಟೆಗಳ ಕೆಳಗೆ.

ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಕಾಲೇಜಿಗೆ ಸೇರಿಸುವ ಮುನ್ನ ನಿನ್ನ ತಾತ ಹಾಸ್ಟೆಲಿನಲ್ಲಿ ಒಂದು ರಾತ್ರಿ ತಾವೇ ಮಲಗಿ, ತಿಗಣೆ ಕಚ್ಚಿಸಿಕೊಂಡು ಬಂದು, ಆಮೇಲೆ ಫೀಸು ಕಟ್ಟಿದ್ದರು. "ಇದು ಮೋಸ ಅಲ್ವೇನೇ?" ಎಂದೆ ನಿನ್ನಕ್ಕನಿಗೆ.

"ಸುಳ್ಳೇನು ಹೇಳಿದೀನಿ ಮಾವ? ಕಿಟಕಿ ಇದೆಯಲ್ಲ," ಎಂದಳು. ಒಣಗಿದ ಬಟ್ಟೆಯೊಂದನ್ನು ಎಳೆದು ಮಡಿಸುತ್ತಾ, "ನಾನೂ ಇಂಥದ್ದೇ ಕಿಟಕಿ ನೋಡ್ಕೊಂಡು ಬಂದಿದ್ದು," ಎಂದಳು.

ನನ್ನ ಮಂಡಿನೋವು ಕಡಿಮೆಯಾಗಿದೆಯೆಂದು ಅಮ್ಮನಿಗೆ ಹೇಳು. ನೀನು ಫೀಸು ಕಟ್ಟುವ ಮೊದಲು ಅಕ್ಕನಿಗೆ ಫೋನ್ ಮಾಡಿ, ಕಿಟಕಿಗೆ ಬೆನ್ನು ಹಾಕಿ ನಿಂತು ಮನೆಯೆಲ್ಲ ತೋರಿಸು ಎನ್ನು. ತೋರಿಸಲು ಒಪ್ಪಿದ್ದಾಳೆ. ಅದನ್ನು ನೋಡಿಯೂ ಬರಬೇಕೆನಿಸಿದರೆ ಬಾ. ಬಾಗಿಲ ಹಿಂದೆ ಇನ್ನೊಂದು ಚಾಪೆ ಹಿಡಿಸುತ್ತದೆ, ನಾನೇ ಹಾಸಿ ನೋಡಿದೆ.

ಕಾರ್ಡು ತುಂಬಿತು.
ನಿನ್ನ ಮಾವ