ಅಗಿದು ಕುಡಿದ ವೈನು

ನೆಮಿಯಾ, ಗ್ರೀಸ್

ಕಲ್ಯದ ಅತ್ತಿಗೆಯವರಿಗೆ ನಮಸ್ಕಾರ.

ಸಮಸ್ತ ಮಾಗಡಿ ತಾಲ್ಲೂಕಿಗೆ ತಿಳಿಯಪಡಿಸುವುದೇನೆಂದರೆ, ನಿಮ್ಮ ಮೈದುನ ಇಂದು ಮಧ್ಯಾಹ್ನ ಒಂದು ಗುಟುಕು ಕೆಂಪು ವೈನನ್ನು ಅಗಿದು ಕುಡಿದಿದ್ದಾನೆ! ನಮಗೆ ದ್ರಾಕ್ಷಿ ಬೇಸಾಯ ಕಲಿಸುತ್ತಿರುವ ಯಜಮಾನರು ತಮ್ಮ ಗುಡ್ಡದ ತೋಟದ ವೈನು ಕೊಟ್ಟರು. ಜೊತೆಗೆ ಬಂದಿರುವ ಸೋಲೂರಿನ ಚಿಕ್ಕಹನುಮಯ್ಯ ಅದನ್ನು ಮುದ್ದೆ ನುಂಗುವ ಹಾಗೆ ಒಂದೇ ಸಲಕ್ಕೆ ಗುಳುಂ ಮಾಡಿದ. ಯಜಮಾನರು ಎದೆ ಹಿಡಿದುಕೊಂಡರು. ಆಮೇಲೆ, ಬಾಯಲ್ಲಿ ಆಡಿಸಿ, ಅಗಿದು ಕುಡಿಯಬೇಕೆಂದು ಮಾಡಿ ತೋರಿಸಿದರು.

"ಲೇ, ಮುದ್ದೇನೇ ಅಗಿಯಾಕಿಲ್ಲ ನಾವು, ನೀರ್ನ ಅಗಿಯಾದಾ?" ಎಂದ ಚಿಕ್ಕಹನುಮಯ್ಯ ನನ್ನ ಕಡೆ ತಿರುಗಿ.

ಈ ವೈನಿಗೆ ಟೊಮೆಟೊ ಹಾಕಿ ಬೇಯಿಸಿದ ಕುರಿಮಾಂಸವೇ ಸರಿಜೋಡಿಯಂತೆ. ನಮ್ಮ ಮುದ್ದೆ, ಮಟನ್ ಸಾರಿನ ಮುಂದೆ ಅದು ಯಾವ ಲೆಕ್ಕ ಎಂದು ನಾನು ದುಭಾಷಿಯ ಕೈಲಿ ಹೇಳಿಸಿಬಿಟ್ಟೆ. ಹಾಗಾದರೆ ಮಾಡಿ ತೋರಿಸು ಎಂದುಬಿಟ್ಟರು ಯಜಮಾನರು; ಕೊಯ್ಲು ಮುಗಿದ ದಿನ ಅವರ ಮನೆಮಂದಿಗೆಲ್ಲ ನಾನೇ ಅಡುಗೆ ಮಾಡಿ ಬಡಿಸಬೇಕು! ನಾನು ಒಲೆ ಹಚ್ಚಿದವನೇ ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಆರೋಗ್ಯ ಚೆನ್ನಾಗಿದೆ, ನಾಲಿಗೆ ಮಾತ್ರ ನೇರಳೆ ಬಣ್ಣ. ರಾಗಿ ಹಿಟ್ಟು ಚಿಕ್ಕಹನುಮಯ್ಯನ ಪೆಟ್ಟಿಗೆಯಲ್ಲಿದೆ. ಕೊಯ್ಲು ಮುಗಿಯಲು ಇನ್ನೂ ಒಂದೂವರೆ ತಿಂಗಳಿದೆ. ದಯವಿಟ್ಟು ಸಾರಿನ ಮಸಾಲೆಯ ಅಳತೆಯನ್ನು, ಉಪ್ಪು ಯಾವಾಗ ಹಾಕಬೇಕೆಂಬುದನ್ನೂ ಸೇರಿಸಿ, ಮರುಟಪಾಲಿಗೇ ಬರೆದು ಕಳಿಸಿ.

ಮೈದುನ ಚಲುವಯ್ಯ